ಕಲ್ಲಿಲ್ಲದೆ ನಿಂತ ಟ್ರ್ಯಾಕ್ಟರ್

ನನ್ನ ಸೋದರಮಾವ ದೊಡ್ಡಬೀರಯ್ಯ ಮೊದಲ ಸಲ ಟ್ರ್ಯಾಕ್ಟರ್ ನೋಡಿದ್ದು ಕುರಿಗಳ ನಡುವೆ ನಿಂತು. ಆಗ ಅವನಿಗೆ ಹನ್ನೆರಡೋ ಹದಿಮೂರೋ ವರ್ಷ. ತಂದೆಯ ಜೊತೆ ಮಂದೆ ಹೊಡೆದುಕೊಂಡು ಗುಂಡ್ಲುಪೇಟೆ ಕಡೆಯಿಂದ ಚಾಮರಾಜನಗರದ ಸೀಮೆಗೆ ಹೋಗಿದ್ದಾಗ, ಚಂದಕವಾಡಿಯ ಹತ್ತಿರ ಯಾರೋ ಸಾಹುಕಾರರ ಹೊಲದಲ್ಲಿ ಕೆಂಪು ಬಣ್ಣದ ಯಂತ್ರವೊಂದು ನೆಲ ಸೀಳುತ್ತಾ ಹೋಗುತ್ತಿತ್ತು. ಕುರಿಗಳು ಬೆದರಿ ದಿಕ್ಕಾಪಾಲಾದವು. ತಂದೆ ಎಷ್ಟು ಕೂಗಿದರೂ ಇವನು ನಿಂತ ಜಾಗದಿಂದ ಅಲುಗಲಿಲ್ಲವಂತೆ. ಸಂಜೆ ಅದಕ್ಕೆ ಒದೆಯೂ ಬಿತ್ತಂತೆ. "ಒದೆ ತಿಂದಿದ್ದು ನೆಪ್ಪಿಲ್ಲ ಕಣ್ಲಾ, ಆ ನೇಗ್ಲಿಂದ ಮಣ್ಣು ಮಗುಚ್ಕೊಂಡಿದ್ದು ನೆಪ್ಪದೆ" ಎಂದು ಅವನು ನನಗೆ ಎಷ್ಟೋ ಸಲ ಹೇಳಿದ್ದಾನೆ.

ಮೀಸೆ ಚಿಗುರುವ ಹೊತ್ತಿಗೆ ಅವನು ಕುರಿ ಬಿಟ್ಟು ಅದೇ ಸಾಹುಕಾರರ ಮನೆಗೆ ಆಳಾಗಿ ಸೇರಿಕೊಂಡ. ಮೊದಲು ಟ್ರ್ಯಾಕ್ಟರ್ ತೊಳೆಯುವ ಕೆಲಸ, ಆಮೇಲೆ ಓಡಿಸುವ ಕೆಲಸ. ಚಂದಕವಾಡಿಯ ಅರಿಸಿನದ ಹೊಲಗಳಲ್ಲಿ ಅವನ ಪ್ರಾಯವೆಲ್ಲ ಕಳೆಯಿತು. ಸಾಹುಕಾರರ ಮಕ್ಕಳು ಹೊಸ ಗಾಡಿ ತಂದಾಗ ಹಳೆಯದು ಕೊಟ್ಟಿಗೆಯಲ್ಲಿ ಕೋಳಿ ಕೂರುವ ಜಾಗವಾಯಿತು. ಅಷ್ಟು ವರ್ಷ ದುಡಿದವನೆಂದು ಅವರು ಅದನ್ನು ಅವನಿಗೇ ಬಿಟ್ಟುಕೊಟ್ಟರು. ಮಾವ ಅದನ್ನು ತೊಳೆದು, ಕುಂಕುಮ ಹಚ್ಚಿ, ಹೆಂಡತಿ ಸಣ್ಣಮ್ಮತ್ತೆಯನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು, ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ ದಾಟಿ, ಮದ್ದೂರು ಕಾಡಂಚಿನ ತನ್ನ ಊರಿಗೆ ಬಂದ. ದಾರಿಯುದ್ದಕ್ಕೂ ಅತ್ತೆ ಯಾರನ್ನೂ ಕಣ್ಣೆತ್ತಿ ನೋಡಲಿಲ್ಲವಂತೆ, ಅಷ್ಟು ನಾಚಿಕೆ. ಒಳಗೊಳಗೆ ಅಷ್ಟೇ ಹೆಮ್ಮೆ.

ಚಂದಕವಾಡಿಯ ನೆಲ ಹಾಸಿದ ಚಾಪೆಯ ಹಾಗೆ ಸಮ. ಅಲ್ಲಿ ಟ್ರ್ಯಾಕ್ಟರನ್ನು ಎಲ್ಲಿ ಬಿಟ್ಟರೂ ಅದು ಅಲ್ಲೇ ಇರುತ್ತಿತ್ತು. ಮಾವನ ಊರಲ್ಲಿ ಹಾಗಲ್ಲ. ಕಾಡಿನ ಕಡೆಯಿಂದ ಊರಿನ ಕಡೆಗೆ ಹೊಲಗಳೆಲ್ಲ ಇಳಿಜಾರು. ಇಲ್ಲಿಗೆ ಬಂದ ಮೇಲೆಯೇ ಗಾಡಿಯ ಪಾರ್ಕಿಂಗ್ ಲಾಕು ಕೆಟ್ಟಿದೆ ಎಂದು ಅವನಿಗೆ ಗೊತ್ತಾದದ್ದು. ಎರಡು ಬ್ರೇಕ್ ಪೆಡಲುಗಳನ್ನೂ ಒಟ್ಟಿಗೆ ತುಳಿದು ಪಕ್ಕದ ಸಣ್ಣ ಲಿವರ್ ಎಳೆದರೆ ಒಳಗೆ ಏನೋ ಕಚ್ಚಿಕೊಂಡು ಪೆಡಲು ಕೆಳಗೇ ನಿಲ್ಲಬೇಕು. ಮಾವನ ಗಾಡಿಯಲ್ಲಿ ಅದು ಒಂದು ಗಳಿಗೆ ನಿಂತು, 'ಟಪ್' ಎಂದು ಸದ್ದು ಮಾಡಿ, ಪೆಡಲನ್ನು ಮೇಲಕ್ಕೆ ಬಿಟ್ಟುಬಿಡುತ್ತಿತ್ತು. ಅದಕ್ಕೆ ಅವನು ಒಂದು ಕಲ್ಲು ಹುಡುಕಿಕೊಂಡ. ಕುರಿಮರಿಯ ಗಾತ್ರದ ಕರಿಕಲ್ಲು. ಹಿಂದಿನ ಚಕ್ರದ ಮುಂದೆ ಅದನ್ನು ಕೊಟ್ಟರೆ ಗಾಡಿ ನಿಲ್ಲುತ್ತಿತ್ತು.

ಗೇರಿನಲ್ಲಿ ನಿಲ್ಲಿಸಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ಸವೆದ ಇಂಜಿನ್ನಿಗೆ ತಡೆಯುವ ಬಿಗಿ ಉಳಿದಿರಲಿಲ್ಲ, ಗೇರಿನಲ್ಲಿಟ್ಟರೂ ಗಾಡಿ ಮೆಲ್ಲಗೆ ಜರುಗುತ್ತಿತ್ತು. ಬ್ಯಾಟರಿಯೂ ಸತ್ತಿತ್ತು. ಬೆಳಿಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಹಾಗಾಗಿ ಅವನು ಹೊಲದ ಮೇಲ್ತುದಿಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಬೆಳಿಗ್ಗೆ ಕಲ್ಲು ಉರುಳಿಸಿ, ಓಡಿಬಂದು ಹತ್ತಿ, ಇಳಿಜಾರಿನಲ್ಲಿ ಉರುಳುವಾಗ ಗೇರಿಗೆ ಹಾಕಿ ಇಂಜಿನ್ ಹಿಡಿಸುತ್ತಿದ್ದ. ದಿನಾ ಅದೇ ಹೊತ್ತು, ದಿನಾ ಅದೇ ಜಾಗಕ್ಕೆ ಕಲ್ಲು ಉರುಳಿಸುವುದು. ಕಾಡಿನ ಅಂಚು ಅಲ್ಲಿಂದ ಕೂಗಳತೆಯಲ್ಲಿತ್ತು.

ನಾನು ಆಗ ಚಾಮರಾಜನಗರದಲ್ಲಿ ಕರೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. 2006ರ ನವೆಂಬರ್ ಕೊನೆಯಲ್ಲಿ ರಜಾ ಹಾಕಿ ಮಾವನ ಊರಿಗೆ ಹೋದೆ. ರಾಗಿ ಕೊಯ್ದು ಹೊಲದ ಕೆಳಭಾಗದಲ್ಲಿ ದೊಡ್ಡ ಮೆದೆ ಹಾಕಿದ್ದರು. ಆನೆಗಳ ಕಾಟಕ್ಕೆ ಹುಣಿಸೆಮರದ ಮೇಲೆ ಅಟ್ಟಣೆ ಕಟ್ಟಿ ಮಾವ ಅಲ್ಲೇ ಮಲಗುತ್ತಿದ್ದ. ನಾನೂ ಅವನ ಜೊತೆ ಹತ್ತಿದೆ.

ಬೆಳಕು ಹರಿಯುವ ಹೊತ್ತಿಗೆ ಮಾವ ನನ್ನ ಭುಜ ಒತ್ತಿದ. ಎದ್ದು ನೋಡಿದರೆ ಗೋಪಾಲಸ್ವಾಮಿ ಬೆಟ್ಟದ ತಲೆ ಮಾತ್ರ ಮಂಜಿನ ಮೇಲೆ ತೇಲುತ್ತಿತ್ತು. ಮಾವ ಬೆರಳು ಮಾಡಿದ ಕಡೆ, ಹೊಲದ ಮೇಲ್ತುದಿಯಲ್ಲಿ, ಟ್ರ್ಯಾಕ್ಟರಿನ ಪಕ್ಕ ಒಂಟಿ ಸಲಗವೊಂದು ನಿಂತಿತ್ತು. ಅದು ಬಂದದ್ದರ ಸದ್ದೇ ನಮಗೆ ಕೇಳಿರಲಿಲ್ಲ. ನಾನು ಪಟಾಕಿಯ ಚೀಲಕ್ಕೆ ಕೈ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದ.

"ಬ್ಯಾಡ. ಸುಮ್ಕಿರು" ಎಂದು ಪಿಸುಗುಟ್ಟಿದ. "ರಾಗಿಗೆ ಬಂದಿಲ್ಲ ಅದು. ನೋಡು."

ಆನೆ ದೊಡ್ಡ ಟೈರಿಗೆ ತನ್ನ ಹೆಗಲು ಒರಗಿಸಿ ಮೆಲ್ಲಗೆ ಉಜ್ಜಿಕೊಂಡಿತು. ಗಾಡಿ ತೊಟ್ಟಿಲಿನ ಹಾಗೆ ತೂಗಿತು. ಆಮೇಲೆ ಸೀಟನ್ನು ಮೂಸಿತು, ಸ್ಟೇರಿಂಗನ್ನು ಸೊಂಡಿಲಿನಿಂದ ಸವರಿತು. ಮಾವ ಅಲ್ಲಿ ದಿನಾ ಕೂರುವವನು. ಅವನ ಬೆವರಿನ ವಾಸನೆ ಅದಕ್ಕೆ ಸಿಕ್ಕಿರಬೇಕು. ಕೊನೆಗೆ ಸೊಂಡಿಲು ಕೆಳಗಿಳಿದು ಚಕ್ರದ ಮುಂದಿದ್ದ ಕಲ್ಲನ್ನು ಹುಡುಕಿತು. ಒಂದು ಸಲ ಮುಟ್ಟಿ ಬಿಟ್ಟಿತು. ಮತ್ತೆ ಮುಟ್ಟಿತು. ಆಮೇಲೆ ಕಲ್ಲಿನ ಹಿಂದೆ ಸೊಂಡಿಲು ತೂರಿಸಿ ಎಳೆದು, ಮುಂಗಾಲಿನಿಂದ ಅದನ್ನು ಪಕ್ಕಕ್ಕೆ ಉರುಳಿಸಿತು.

ಗಾಡಿ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಸದ್ದಿಲ್ಲದೆ ಹೊರಟಿತು.

ಆಗ ಮಾವನಿಗೆ ಕೆಳಗಿನ ದಾರಿ ನೆನಪಾಯಿತು. ದಿನಾ ಆ ಹೊತ್ತಿಗೆ ಅತ್ತೆ ಕಾಫಿ ತರುತ್ತಿದ್ದಳು. ನೋಡಿದರೆ ಅವಳು ಮಂಜಿನೊಳಗಿಂದ ಚೊಂಬು ಹಿಡಿದು ಗಾಡಿದಾರಿಯಲ್ಲಿ ಹತ್ತಿ ಬರುತ್ತಿದ್ದಾಳೆ. ಇಂಜಿನ್ನಿನ ಸದ್ದು ಇಲ್ಲದೆ ಬರುವ ಟ್ರ್ಯಾಕ್ಟರ್ ಅವಳ ಕಿವಿಗೆ ಹೇಗೆ ಬೀಳಬೇಕು.

"ಸಣ್ಣಿ, ದಾರಿ ಬುಡು, ಬದೀನ ಮ್ಯಾಲಕ್ಕತ್ತು" ಎಂದು ಮಾವ ಕೂಗಿದ ಕೂಗಿಗೆ ಮರದ ಹಕ್ಕಿಗಳೆಲ್ಲ ಎದ್ದವು.

ಅತ್ತೆ ತಲೆಯೆತ್ತಿದಳು. ಗಾಡಿ ಮಂಜು ಸೀಳಿಕೊಂಡು ಬರುವುದನ್ನು ಕಂಡು, ಯಾಕೆ ಏನು ಎಂದು ಕೇಳದೆ, ಬದುವಿನ ಮೇಲೆ ಕಾಲಿಟ್ಟು ಲಂಟಾನದ ಪೊದೆಗೆ ಬೆನ್ನು ಒತ್ತಿ ನಿಂತಳು. ಗಾಡಿ ಅವಳ ಸೆರಗು ಹಾರುವಷ್ಟು ಹತ್ತಿರದಿಂದ ಹೋಯಿತು. ಮುಂದೆ ದಾರಿಯ ಕೊರಕಲಿಗೆ ಮುಂದಿನ ಚಕ್ರ ಇಳಿದು, ಮೂತಿ ತಿರುಗಿ, ನೇರ ರಾಗಿ ಮೆದೆಗೆ ನುಗ್ಗಿ ಸೀಟಿನ ತನಕ ಹೂತುಕೊಂಡು ನಿಂತಿತು.

ಮೇಲೆ ಆನೆ ಕಿವಿ ಅಗಲಿಸಿ ಕೆಳಗೆ ನೋಡುತ್ತಾ ನಿಂತಿತ್ತು. ತಾನು ಮಾಡಿದ್ದನ್ನು ಕಂಡು ಅದಕ್ಕೇ ಸೋಜಿಗವಾದಂತಿತ್ತು. ಅಷ್ಟು ದೊಡ್ಡ ಪ್ರಾಣಿ, ಅಷ್ಟು ನಿಶ್ಶಬ್ದ. ಸ್ವಲ್ಪ ಹೊತ್ತಿನ ಮೇಲೆ ಅದು ಹಿಂದಿರುಗಿ, ಆನೆ ಬರದಿರಲೆಂದು ತೋಡಿಸಿದ್ದ, ಈಗ ಮಣ್ಣು ಕುಸಿದು ತುಂಬಿಕೊಂಡಿದ್ದ ಕಂದಕವನ್ನು ದಾಟಿ, ಕಾಡಿನೊಳಕ್ಕೆ ನಡೆದು ಹೋಯಿತು.

ಮಾವ ಮರದಿಂದ ಇಳಿಯುವಾಗ ಅವನ ಕಾಲು ಎರಡು ಸಲ ಜಾರಿತು. ಅತ್ತೆಯ ಮುಂದೆ ನಿಂತು, "ಏನಾರ ಆಯ್ತಾ?" ಎಂದು ಕೇಳಿದ.

ಅತ್ತೆ ಚೊಂಬು ನೋಡಿಕೊಂಡಳು. "ಕಾಪಿ ಚೆಲ್ಲೋಯ್ತು" ಎಂದಳು. ಆಮೇಲೆ ಅಲ್ಲೇ ಬದುವಿನ ಮೇಲೆ ಕುಳಿತಳು. ಮಾವ ಪಕ್ಕದಲ್ಲಿ ಕುಳಿತು ಅವಳ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡ. ಅವರಿಬ್ಬರು ಹಾಗೆ ಕೈ ಹಿಡಿದು ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬಿಸಿಲೇರಿದ ಮೇಲೆ ಮೂವರೂ ಮೇಲಕ್ಕೆ ಹೋದೆವು. ತೇವದ ಮಣ್ಣಿನಲ್ಲಿ ಮೊರದಗಲದ ಹೆಜ್ಜೆಗಳು. ಕಲ್ಲು ಚಕ್ರ ನಿಂತಿದ್ದ ಜಾಗದಿಂದ ಪಕ್ಕಕ್ಕೆ, ಹುಲ್ಲು ಬೆಳೆಯದೆ ನುಣ್ಣಗಾಗಿದ್ದ ಒಂದು ಸಣ್ಣ ಗುಂಡಿಯಲ್ಲಿ ಕೂತಿತ್ತು. ಮಾವ ಅದನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ಲೇ ಕನಕರಾಜು, ನಾನು ದಿನಾ ಉರುಳ್ಸೋ ಜಾಗ ಕಣ್ಲಾ ಇದು. ಆ ಕುಳಿ ಬಿದ್ದಿರೋದೇ ಈ ಕಲ್ಲಿಂದ. ಆನೆ ಅಲ್ಲೇ ತಂದು ಮಡಗ್ಯದೆ."

ನಾನು ಕಾಡಿನ ಕಡೆ ನೋಡಿದೆ. ಎಷ್ಟು ದಿನಗಳಿಂದ ಅದು ಆ ಮರಗಳ ಮರೆಯಲ್ಲಿ ನಿಂತು, ಮುದುಕನಾಗುತ್ತಿರುವ ಒಬ್ಬ ಮನುಷ್ಯ ಕಲ್ಲು ಉರುಳಿಸುವುದನ್ನೂ ಯಂತ್ರ ಓಡುವುದನ್ನೂ ನೋಡುತ್ತಿತ್ತೋ.

"ನಮ್ಮ ನೋಡ್ಕೊಂಡು ಕಲ್ತದೆ" ಎಂದ ಮಾವ, ಬಹಳ ಮೆತ್ತಗೆ, ದೇವರ ಗುಡಿಯಲ್ಲಿ ಮಾತಾಡುವವನ ಹಾಗೆ.

"ಅದು ಕಲ್ತಾಯ್ತು. ನೀನ್ಯಾವಾಗ ಕಲಿಯೋದು?" ಎಂದಳು ಅತ್ತೆ. "ಅದ್ರ ಲಾಕು ಸರಿ ಮಾಡ್ಸು. ಅಲ್ಲಿಗಂಟ ಆ ಗಾಡಿ ಈ ಹೊಲದ್ ಮ್ಯಾಕೆ ಅತ್ತಂಗಿಲ್ಲ."

ಪಕ್ಕದ ಹೊಲದ ಚಿಕ್ಕಮಾದಯ್ಯ ತನ್ನ ಜೋಡೆತ್ತು ತಂದ. ಊರಿನವರೆಲ್ಲ ಸೇರಿ ಗಾಡಿಯನ್ನು ಮೆದೆಯಿಂದ ಎಳೆದೆವು. ಒಂದು ಹೆಡ್‌ಲೈಟ್ ಒಡೆದದ್ದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಮಧ್ಯಾಹ್ನವೇ ಮಾವ ನನ್ನನ್ನೂ ಕೂರಿಸಿಕೊಂಡು ಗುಂಡ್ಲುಪೇಟೆಗೆ ಹೊರಟ.

ಊಟಿ ರಸ್ತೆಯಿಂದ ಸ್ವಲ್ಪ ಒಳಗೆ ಚಂದ್ರಕುಮಾರನ ಶೆಡ್ಡು. ಟ್ರ್ಯಾಕ್ಟರ್ ರಿಪೇರಿಯಲ್ಲಿ ಪಳಗಿದವನು. ಕೇರಳದ ಲಾರಿಯವರ ಜೊತೆ ಮಲೆಯಾಳದಲ್ಲಿ, ನಮ್ಮ ಜೊತೆ ನಮ್ಮ ಮಾತಿನಲ್ಲಿ ತಮಾಷೆ ಮಾಡುತ್ತಾ ಕೆಲಸ ಮಾಡುವವನು. ಅವನು ಕಾಲಿಡುವ ಜಾಗದ ತಗಡು ಬಿಚ್ಚಿದಾಗ ಒಳಗೆ ಮಣ್ಣು, ಗ್ರೀಸು, ಎಷ್ಟೋ ವರ್ಷದ ರಾಗಿ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಡೀಸೆಲ್ ಹಾಕಿ ತೊಳೆದ ಮೇಲೆ ಕಬ್ಬಿಣ ಕಾಣಿಸಿತು.

"ಇಲ್ಲಿ ನೋಡು ಬೀರಣ್ಣ" ಎಂದು ಚಂದ್ರಕುಮಾರ್ ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದ. "ಈ ಹಲ್ಲುಪಟ್ಟಿ ಪೆಡಲ್ ಜೊತೇಲಿ ತಿರುಗ್ತದೆ. ಲಿವರ್ ಎಳುದ್ರೆ ಈ ನಾಲಿಗೆ ಬಂದು ಹಲ್ಲಿನ ಸಂದೀಲಿ ಕುಂತ್ಕತದೆ. ಆಗ ಪೆಡಲ್ ವಾಪಸ್ ಬರಾಕಾಗಲ್ಲ. ಬ್ರೇಕು ಇಡ್ಕಂಡೇ ಇರ್ತದೆ."

ಮಾವ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಅಷ್ಟೇನಾ?"

"ಅಷ್ಟೇ."

"ನನ್ನ ಎಬ್ಬೆಟ್ಟಿನಷ್ಟಿಲ್ವಲ್ಲ ಚಂದ್ರು ಇದು."

"ಅಷ್ಟೇ ಇರೋದು. ಸರೀಗಿದ್ರೆ ಅಷ್ಟೇ ಸಾಕು."

ಮಾವ ಕೈ ಒಳಗಿಟ್ಟು ಆ ನಾಲಿಗೆಯನ್ನು ಮುಟ್ಟಿದ. ಅರ್ಧ ಆಯಸ್ಸು ಅವನು ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದ. ಅಂಥದ್ದೊಂದು ಅಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟು ತೂಕದ ಗಾಡಿ, ಅದರ ಹಿಂದೆ ರಾಗಿ ತುಂಬಿದ ಟ್ರೇಲರ್, ಅದರ ಮೇಲೆ ಕೂತ ಹೆಂಗಸರು, ಎಲ್ಲವೂ ಈ ಹೆಬ್ಬೆರಳಿನಷ್ಟರ ಮೇಲೆ. ಅವನ ಮುಖದಲ್ಲಿ ಬೆಳಿಗ್ಗೆ ಆನೆಯನ್ನು ನೋಡುವಾಗ ಇದ್ದ ಕಳೆಯೇ ಇತ್ತು.

ಚಂದ್ರಕುಮಾರ್ ಸೋತುಹೋಗಿದ್ದ ಸ್ಪ್ರಿಂಗ್ ತೆಗೆದು ಹೊಸದು ಹಾಕಿದ. ನಾಲಿಗೆಯ ತುದಿ ಸರಿಮಾಡಿದ. ಬ್ರೇಕಿನ ಸವೆದ ಲೈನರ್ ಬದಲಾಯಿಸಿ ರಾಡು ಬಿಗಿ ಮಾಡಿದ. ಶೆಡ್ಡಿನ ಹಿಂದಿನ ಇಳಿಜಾರಿನಲ್ಲಿ, ಮುಂದೆ ಒಂದು ಮರದ ದಿಮ್ಮಿ ಅಡ್ಡವಿಟ್ಟು, ಗಾಡಿ ನಿಲ್ಲಿಸಿ ಲಾಕು ಹಾಕಿದೆವು. ನಾವು ಟೀ ಕುಡಿಯುವ ತನಕ ಅದು ನಿಂತಿತ್ತು. ಚಂದ್ರಕುಮಾರ್ ಲೋಟ ಕೆಳಗಿಟ್ಟು ಹೋಗಿ ಟೈರಿಗೆ ಒಂದು ಒದೆ ಕೊಟ್ಟ. 'ಟಪ್' ಎಂದಿತು. ಗಾಡಿ ಉರುಳಿ ದಿಮ್ಮಿಗೆ ತಾಗಿತು.

"ಹಲ್ಲೇ ಸವೆದೋಗವೆ" ಎಂದ ಅವನು ತಗಡಿನೊಳಗೆ ಬಗ್ಗಿ. "ಪೆಡಲು ಪೂರ್ತಿ ತುಳೀದೆ ಯಾರೋ ಲಿವರ್ ಎಳ್ದು ಎಳ್ದು ಉಂಡೆ ಮಾಡವ್ರೆ. ನಾಲಿಗೆ ಮ್ಯಾಲ್ಮ್ಯಾಲೆ ಕುಂತ್ಕಂಡು, ಅಲುಗುದ್ರೆ ಜಾರ್ತದೆ. ಬ್ಯಾರೆ ಪಟ್ಟಿನೇ ಬೇಕು. ಈ ಮಾಡಲ್‌ದು ಈಗ ಬರಲ್ಲ."

ಪಟ್ಟಿಯನ್ನು ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಂಡು ನಾನು ಚಾಮರಾಜನಗರಕ್ಕೆ ಬಸ್ಸು ಹತ್ತಿದೆ. ಬಿಡಿಭಾಗದ ಅಂಗಡಿಗಳಲ್ಲಿ ಅದನ್ನು ನೋಡಿ ತಲೆಯಾಡಿಸಿದರು. ಹಳೇ ಕಬ್ಬಿಣದ ಅಂಗಡಿಯ ಗುಡ್ಡೆಯಲ್ಲಿ ಅಂಥದ್ದೇ ಎರಡು ಸಿಕ್ಕಿದವು; ಒಂದು ಬಿರುಕು ಬಿಟ್ಟಿತ್ತು, ಇನ್ನೊಂದರ ಬಾಗು ಬೇರೆ. ಬರಿಗೈಯಲ್ಲಿ ವಾಪಸ್ಸು ಬಂದೆ.

ಮಾವ ಬೇಜಾರು ಮಾಡಿಕೊಳ್ಳಲಿಲ್ಲ. "ಇರೋದಕ್ಕೇ ಹಲ್ಲು ಕಟ್ಟಕಾಗಲ್ವಾ?" ಎಂದು ಚಂದ್ರಕುಮಾರನನ್ನು ಕೇಳಿದ.

"ವೆಲ್ಡಿಂಗ್ ತುಂಬ್ತೀನಿ. ಅದನ್ನ ಹಲ್ಲು ಮಾಡೋದು ಕೈಯಲ್ಲೇ ಅರ ಉಜ್ಜಿ ಕಣಣ್ಣ. ಒಂದೊಂದು ಹಲ್ಲೂ ಒಂದೇ ಸಮ ಬರ್ಬೇಕು. ನಂಗೆ ಅಷ್ಟು ತಾಳ್ಮೆ ಇಲ್ಲ."

"ತುಂಬಿ ಕೊಡು. ಅರ ನಾನುಜ್ತೀನಿ."

ಕುರಿಯ ತುಪ್ಪಟ ಕತ್ತರಿಸುವ ಕತ್ತರಿಯನ್ನು ಮಸೆಯುತ್ತಾ ಬೆಳೆದ ಕೈ ಅವನದು. ಒಂದು ಎಳೆ ಹೆಚ್ಚು ಮಸೆದರೆ ಕುರಿಯ ಚರ್ಮಕ್ಕೆ ಗಾಯ, ಕಡಿಮೆಯಾದರೆ ತುಪ್ಪಟ ಕೀಳುತ್ತದೆ. ಆ ಕೈ ಅಷ್ಟು ವರ್ಷ ಸ್ಟೇರಿಂಗ್ ಹಿಡಿದರೂ ಮರೆತಿರಲಿಲ್ಲ. ಹಗಲೆಲ್ಲ ಮನೆಯ ಜಗುಲಿಯಲ್ಲಿ ಕೂತು, ಪಟ್ಟಿಯನ್ನು ಪಾದಗಳ ನಡುವೆ ಒತ್ತಿ ಹಿಡಿದು, ಅರ ಆಡಿಸಿದ. ಆಗಾಗ ನಿಲ್ಲಿಸಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ವೆಲ್ಡಿಂಗಿನ ಗಂಟು ಗಂಟಾದ ಕಬ್ಬಿಣದೊಳಗಿಂದ ಹಲ್ಲುಗಳು ಒಂದೊಂದಾಗಿ ಎದ್ದು ಬರುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಮೇಲೆ ಮೋಡದಂತೆ ಮಸುಕಾಗಿದ್ದದ್ದು ಕೆಳಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಮಾರನೆಯ ದಿನ ಅತ್ತೆ ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದಳು. ಕೈ ಚಾಚಿ ಪಟ್ಟಿ ಇಸಿದುಕೊಂಡು ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೊಂದು ಸಲ ಆಡಿಸಿದಳು. ಎದ್ದು ಒಳಗೆ ಹೋಗಿ ರಾಗಿ ಕೊಯ್ಯುವ ಕುಡ್ಲು ತಂದಳು.

"ಇದ್ರ ಮ್ಯಾಲೆ ಬೆರಳಾಡ್ಸು" ಎಂದಳು ಮಾವನಿಗೆ. "ಆ ಕಡೀಕೆ ಸವರುದ್ರೆ ನುಣ್ಣಗದೆ. ಈ ಕಡೀಕೆ ಎಳುದ್ರೆ?"

"ಕಚ್ತದೆ."

"ಯಾಕೆ ಕಚ್ತದೆ? ಹಲ್ಲು ನನ್ನ ಕಡೀಕೆ ಬಗ್ಕಂಡದೆ. ಎಳ್ದಂಗೂ ಕಡ್ಡಿ ಒಳೀಕೆ ಸೇರ್ಕತದೆ. ನೀನು ಮಾಡಿರೋ ಹಲ್ಲು ನೆಟ್ಟಗೆ ನಿಂತದೆ. ಜೋರಾಗಿ ನೂಕುದ್ರೆ ಜಾರ್ತದೆ."

ಮಾವ ಕುಡ್ಲನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಅತ್ತೆಯ ಮುಖ ನೋಡಿದ, ಮತ್ತೆ ಹಲ್ಲು ನೋಡಿದ. ಅದುವರೆಗೆ ಮಾಡಿದ್ದ ಪ್ರತಿ ಹಲ್ಲಿನ ಮುಖವನ್ನೂ ಮೊದಲಿನಿಂದ ಕೂದಲೆಳೆಯಷ್ಟು ಒಳಕ್ಕೆ ಬಾಗುವಂತೆ ಉಜ್ಜಲು ಕೂತ. ಗುಂಡ್ಲುಪೇಟೆಗೆ ತೆಗೆದುಕೊಂಡು ಹೋದಾಗ ಚಂದ್ರಕುಮಾರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರು ಹೇಳ್ಕೊಟ್ರು ಇದ್ನ?" ಎಂದು ಕೇಳಿದ. "ಮನೇವ್ಳು" ಎಂದ ಮಾವ. ಚಂದ್ರಕುಮಾರ್ ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಳೇ ಆಯಿಲಿನಲ್ಲಿ ಅದ್ದಿ ಗಟ್ಟಿ ಮಾಡಿ, ಜಾಗಕ್ಕೆ ಕೂರಿಸಿದ.

ಹೊಲದ ಇಳಿಜಾರಿನಲ್ಲೇ ಪರೀಕ್ಷೆ ಆಗಬೇಕೆಂದು ಅತ್ತೆ ಹೇಳಿದಳು. ಚಂದ್ರಕುಮಾರನೂ ತನ್ನ ಬೈಕಿನಲ್ಲಿ ಬಂದ. ಕೆಳಗಿನ ದಾರಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಚಕ್ರದಿಂದ ಮಾರು ದೂರ ಮುಂದೆ ದಿಮ್ಮಿ ಇಟ್ಟರು. ಮಾವ ಗಾಡಿ ಹತ್ತಿಸಿ ನಿಲ್ಲಿಸಿ ಪೆಡಲ್ ತುಳಿದುಕೊಂಡೇ ಕೂತಿದ್ದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದಳು.

"ನಾನಾಕ್ತೀನಿ ಬುಡು. ಮೊನ್ನೆ ನನ್ ಮ್ಯಾಲೇ ತಾನೆ ಬಂದಿದ್ದು."

ಅವಳು ಮಾವನ ಪಾದದ ಪಕ್ಕ ತನ್ನ ಪಾದವಿಟ್ಟು ತುಳಿದಳು. ಮಾವ ಕಾಲು ತೆಗೆದ. ಅವಳು ಲಿವರ್ ಎಳೆದಳು. ಟಿಕ್, ಟಿಕ್, ಟಿಕ್ ಎಂದು ಸ್ಪಷ್ಟವಾಗಿ ಕೇಳಿಸಿತು. ಅತ್ತೆ ಒಂದು ಗಳಿಗೆ ಅಂಗೈಯನ್ನು ಲಿವರಿನ ಮೇಲೇ ಇಟ್ಟುಕೊಂಡಿದ್ದಳು.

"ನಾಡಿ ಸಿಕ್ದಂಗದೆ" ಎಂದಳು. ಆಮೇಲೆ ಮೆಲ್ಲಗೆ ಪಾದ ಎತ್ತಿದಳು.

ಗಾಡಿ ನಿಂತಿತ್ತು. ಚಂದ್ರಕುಮಾರ್ ಟೈರಿಗೆ ಒದ್ದ. ನಿಂತಿತ್ತು. ಚಿಕ್ಕಮಾದಯ್ಯ, ಅವನ ಮಕ್ಕಳು, ನಾನು, ಅಲ್ಲಿದ್ದವರೆಲ್ಲ ಹಿಂದಿನಿಂದ ಭುಜ ಕೊಟ್ಟು ನೂಕಿದೆವು. ಗಾಡಿ ಮುಂದಕ್ಕೆ ಒಂದು ಬೆರಳು ಬಾಗಿ, ಏನೋ ಒಳಗೆ ಇನ್ನೂ ಆಳಕ್ಕೆ ಕಚ್ಚಿಕೊಂಡ ಸದ್ದಾಗಿ, ಬೆಟ್ಟದ ಹಾಗೆ ನಿಂತುಬಿಟ್ಟಿತು. ನೂಕಿದಷ್ಟೂ ಅದು ಬಿಗಿಯಾಗುತ್ತಿತ್ತು. ನಾವು ಕೈ ಬಿಟ್ಟು ಹಿಂದೆ ಸರಿದೆವು. ಚಿಕ್ಕಮಾದಯ್ಯ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ.

ಆ ಗಾಡಿ ಆಮೇಲೆ ಎಷ್ಟೋ ಸುಗ್ಗಿ ದುಡಿಯಿತು. ಮಾವ ಹೊಸ ಬ್ಯಾಟರಿ ಹಾಕಿಸಲೇ ಇಲ್ಲ. ಬೆಳಿಗ್ಗೆ ಸೀಟಿನ ಮೇಲೆ ಕೂತೇ ಲಾಕು ಬಿಡಿಸಿ ಇಳಿಜಾರಿನಲ್ಲಿ ಉರುಳಿಸಿಕೊಂಡು ಇಂಜಿನ್ ಹಿಡಿಸುತ್ತಿದ್ದ. ಸುತ್ತಲಿನ ಊರಿನವರು ತಮ್ಮ ಗಾಡಿಯ ಲಾಕು ಜಾರುತ್ತದೆ ಎಂದು ಪಟ್ಟಿ ಬಿಚ್ಚಿ ತರುವುದು ಶುರುವಾಯಿತು. ಮಾವ ಉಜ್ಜುತ್ತಿದ್ದ, ಅತ್ತೆ ಹೆಬ್ಬೆರಳು ಆಡಿಸಿ ನೋಡಿ ಆಯ್ತು ಅಥವಾ ಆಗಿಲ್ಲ ಎನ್ನುತ್ತಿದ್ದಳು.

ಆದರೆ ನನಗೆ ಹೆಚ್ಚು ನೆನಪಿರುವುದು ಪರೀಕ್ಷೆಯ ದಿನ ಎಲ್ಲರೂ ಹೋದ ಮೇಲಿನದ್ದು. ಕಾಲಿಡುವ ತಗಡನ್ನು ಇನ್ನೂ ಮುಚ್ಚಿರಲಿಲ್ಲ. ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ಮಾವ ನೆಲದ ಮೇಲೆ ಮಂಡಿಯೂರಿ ತಲೆಯನ್ನು ಅದರೊಳಗೆ ತೂರಿಸಿದ್ದ. ಅತ್ತೆ ಮೇಲೆ ಸೀಟಿನಲ್ಲಿದ್ದಳು.

"ತುಳಿ" ಎಂದ ಮಾವ. ಅವಳು ತುಳಿದಳು. "ಎಳಿ." ಎಳೆದಳು. ನಾಲಿಗೆ ಬಂದು ಹಲ್ಲಿನ ಸಂದಿಯಲ್ಲಿ ಕೂತಿತು.

"ಕುಂತ್ಕತಾ?" ಎಂದು ಅತ್ತೆ ಕೇಳಿದಳು.

"ಕುಂತ್ಕತು." ಮಾವ ತಲೆಯನ್ನು ಇನ್ನಷ್ಟು ಒಳಕ್ಕೆ ತೂರಿಸಿದ. "ಇನ್ನೊಂದ್ ಕಿತ ಮಾಡು."

ಅತ್ತೆ ಲಿವರ್ ಬಿಡಿಸಿ ಮತ್ತೆ ತುಳಿದಳು.